ದುಬಾರಿ ಸೌಂಡ್ ಕಾರ್ಡ್ ಹಾಕಿದರೆ ಹಾಡು ಚೆನ್ನಾಗಿ ಕೇಳುತ್ತದೆಯೇ?

"ಕಂಪ್ಯೂಟರಿನಲ್ಲೇ ಬರುವ ಸೌಂಡ್ ಏನೂ ಪ್ರಯೋಜನವಿಲ್ಲ. ಒಂದು ಒಳ್ಳೆಯ ಸೌಂಡ್ ಕಾರ್ಡ್ ಹಾಕಿಸಿ, ಆಮೇಲೆ ನೋಡಿ ಹಾಡಿನ ಮಜಾ!" ಹೊಸ ಡೆಸ್ಕ್‌ಟಾಪ್ ಕೊಳ್ಳಲು ಹೊರಟವರಿಗೆ ಈ ಸಲಹೆ ಎಲ್ಲಿಂದಲಾದರೂ ಬಂದೇ ಬರುತ್ತದೆ. ಅಂಗಡಿಗೆ ಹೋದರೆ ಕೆಲವು ನೂರು ರೂಪಾಯಿಯ ಪುಟ್ಟ ಯುಎಸ್‌ಬಿ ಸೌಂಡ್ ಕಾರ್ಡೂ ಇದೆ, ಹತ್ತು ಸಾವಿರ ದಾಟುವ ಕಾರ್ಡೂ ಇದೆ. ಬೆಲೆ ಇಪ್ಪತ್ತು ಪಟ್ಟು ಹೆಚ್ಚಾದರೆ ಧ್ವನಿಯೂ ಅಷ್ಟು ಚೆನ್ನಾಗುತ್ತದೆಯೇ? ಹಣ ಕೊಡುವ ಮೊದಲು ಈ ಪೆಟ್ಟಿಗೆಯೊಳಗೆ ನಡೆಯುವುದೇನು ಎಂದು ನೋಡೋಣ.

ಸೌಂಡ್ ಕಾರ್ಡ್ ಮಾಡುವ ಕೆಲಸ ಏನು?

ಕಂಪ್ಯೂಟರಿಗೆ ಹಾಡು ಎಂದರೆ ಅಂಕಿಗಳ ಸಾಲು, ಅಷ್ಟೆ. ಸ್ಪೀಕರಿಗೆ ಅಂಕಿ ಅರ್ಥವಾಗುವುದಿಲ್ಲ, ಅದಕ್ಕೆ ಏರಿಳಿಯುವ ವಿದ್ಯುತ್ ಬೇಕು. ಅಂಕಿಗಳನ್ನು ವಿದ್ಯುತ್ತಿನ ಏರಿಳಿತವಾಗಿ ಬದಲಿಸುವ ಭಾಗಕ್ಕೆ 'ಡ್ಯಾಕ್' ಎನ್ನುತ್ತಾರೆ. ಸೌಂಡ್ ಕಾರ್ಡಿನಲ್ಲಿ ಇರುವುದು ಮುಖ್ಯವಾಗಿ ಮೂರು: ಒಂದು ಡ್ಯಾಕ್, ಹೆಡ್‌ಫೋನಿಗೆ ಶಕ್ತಿ ಕೊಡುವ ಚಿಕ್ಕ ಆಂಪ್ಲಿಫೈಯರ್, ಮತ್ತು ಮೈಕಿನಿಂದ ಬರುವ ಧ್ವನಿಯನ್ನು ಅಂಕಿಗಳಾಗಿ ಬದಲಿಸುವ ಭಾಗ.

ಒಂದು ಕಾಲದಲ್ಲಿ ಈ ಕಾರ್ಡ್ ಇಲ್ಲದಿದ್ದರೆ ಕಂಪ್ಯೂಟರ್ 'ಬೀಪ್' ಎನ್ನುವುದನ್ನು ಬಿಟ್ಟು ಹೆಚ್ಚೇನೂ ಮಾಡುತ್ತಿರಲಿಲ್ಲ. 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪನಿಯ ಸೌಂಡ್ ಬ್ಲಾಸ್ಟರ್ ಬಂದಾಗ ಅದು ನಿಜಕ್ಕೂ ದೊಡ್ಡ ಬದಲಾವಣೆ. ಆದರೆ 1997ರಲ್ಲಿ ಇಂಟೆಲ್ 'ಎಸಿ 97' ಎಂಬ ಮಾನದಂಡವನ್ನು, 2004ರಲ್ಲಿ 'ಹೈ ಡೆಫಿನಿಷನ್ ಆಡಿಯೋ' ಎಂಬ ಮಾನದಂಡವನ್ನು ತಂದಿತು. ಅಲ್ಲಿಂದ ಸೌಂಡ್ ಕಾರ್ಡಿನ ಕೆಲಸವೆಲ್ಲ ಮದರ್‌ಬೋರ್ಡಿನ ಮೇಲೆ ಕೂತ ಒಂದು ಸಣ್ಣ ಚಿಪ್ಪಿಗೆ ಬಂತು. ಈಗ ಬಹಳಷ್ಟು ಮದರ್‌ಬೋರ್ಡುಗಳಲ್ಲಿ ಇರುವುದು ತೈವಾನಿನ ರಿಯಲ್‌ಟೆಕ್ ಕಂಪನಿಯ ಚಿಪ್.

ಗೇಮ್ ಆಡುವವರಿಗೆ ಇದ್ದ ಇನ್ನೊಂದು ಕಾರಣವೂ ಹೋಯಿತು. ಮೊದಲು ಗೇಮಿನ ಧ್ವನಿಯ ಲೆಕ್ಕಾಚಾರವನ್ನು ಕಾರ್ಡೇ ಮಾಡುತ್ತಿತ್ತು. 2007ರಲ್ಲಿ ವಿಂಡೋಸ್ ವಿಸ್ಟಾ ಬಂದಾಗ ಮೈಕ್ರೋಸಾಫ್ಟ್ ಆ ದಾರಿಯನ್ನು ಮುಚ್ಚಿತು. ಅಂದರೆ 'ಕಾರ್ಡ್ ಹಾಕಿಸಲೇಬೇಕು' ಎಂಬ ಮಾತು ಸುಳ್ಳಾಗಿ ಹುಟ್ಟಿದ್ದಲ್ಲ. ಕಾಲ ಬದಲಾಯಿತು, ಮಾತು ಮಾತ್ರ ಉಳಿಯಿತು.

24 ಬಿಟ್, 192 ಕಿಲೋಹರ್ಟ್ಜ್: ಈ ಅಂಕಿಗಳ ಅರ್ಥವೇನು?

ದುಬಾರಿ ಕಾರ್ಡಿನ ಡಬ್ಬದ ಮೇಲೆ ದೊಡ್ಡದಾಗಿ ಕಾಣುವುದು ಇವೇ. ಮೊದಲು ಕಿಲೋಹರ್ಟ್ಜ್ ನೋಡೋಣ. 1982ರಲ್ಲಿ ಬಂದ ಆಡಿಯೋ ಸಿ.ಡಿ. ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದಿಡುತ್ತದೆ. ಮನುಷ್ಯರ ಕಿವಿ ಕೇಳುವುದು ಸುಮಾರು 20ರಿಂದ 20,000 ಹರ್ಟ್ಜ್‌ವರೆಗೆ. ವಯಸ್ಸಾದಂತೆ ಮೇಲಿನ ಮಿತಿ ಇನ್ನೂ ಕೆಳಗಿಳಿಯುತ್ತದೆ. ಒಂದು ಧ್ವನಿಯನ್ನು ಸರಿಯಾಗಿ ಮರಳಿ ಪಡೆಯಲು ಅದರ ಕಂಪನದ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆದರೆ ಸಾಕು ಎಂಬುದು ಗಣಿತದ ನಿಯಮ. 20,000ದ ಎರಡು ಪಟ್ಟು 40,000. ಸಿ.ಡಿ. ಆಗಲೇ ಅದನ್ನು ದಾಟಿದೆ. 192 ಕಿಲೋಹರ್ಟ್ಜ್‌ನಲ್ಲಿ ಹೆಚ್ಚುವರಿಯಾಗಿ ಸಿಗುವುದು ಬಾವಲಿಗೆ ಕೇಳಿಸಬಹುದು, ನಮಗಲ್ಲ.

ಇನ್ನು ಬಿಟ್. ಅತಿ ಮೆಲ್ಲನೆಯ ಸದ್ದಿಗೂ ಅತಿ ಜೋರಿನ ಸದ್ದಿಗೂ ಎಷ್ಟು ಅಂತರ ಹಿಡಿದಿಡಬಹುದು ಎಂಬುದನ್ನು ಅದು ಹೇಳುತ್ತದೆ. 16 ಬಿಟ್ ಎಂದರೆ ಸುಮಾರು 96 ಡೆಸಿಬೆಲ್. ಶಾಂತವಾದ ಕೋಣೆಯಲ್ಲೂ ಸುಮಾರು 30 ಡೆಸಿಬೆಲ್ ಸದ್ದು ಇದ್ದೇ ಇರುತ್ತದೆ, ಫ್ಯಾನ್ ತಿರುಗುತ್ತಿದ್ದರೆ ಇನ್ನೂ ಹೆಚ್ಚು. ಅದರ ಮೇಲೆ 96 ಸೇರಿಸಿದರೆ ಕಿವಿ ನೋಯುವ ಮಟ್ಟ. ಹಾಗಾಗಿ ಹಾಡು ಕೇಳಲು 16 ಬಿಟ್ ಧಾರಾಳ. 24 ಬಿಟ್ ಉಪಯೋಗಕ್ಕೆ ಬರುವುದು ರೆಕಾರ್ಡಿಂಗ್ ಮಾಡುವವರಿಗೆ.

ಇದು ಬರೀ ಲೆಕ್ಕದ ಮಾತಲ್ಲ. 2007ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಮೇಯರ್ ಮತ್ತು ಮೊರನ್ ಎಂಬಿಬ್ಬರು ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಹೈ ರೆಸಲ್ಯೂಷನ್ ಸಂಗೀತವನ್ನು ಒಮ್ಮೆ ಹಾಗೆಯೇ, ಒಮ್ಮೆ ಸಿ.ಡಿ. ಗುಣಮಟ್ಟಕ್ಕೆ ಇಳಿಸಿ ಕೇಳಿಸಿದರು. ಯಾವುದು ಯಾವುದೆಂದು ಕೇಳುಗರು ಗುರುತಿಸಬೇಕಿತ್ತು. 554 ಪ್ರಯತ್ನಗಳಲ್ಲಿ ಸರಿಯಾದ ಉತ್ತರ 276. ನಾಣ್ಯ ಚಿಮ್ಮಿದ್ದರೂ ಇಷ್ಟೇ ಬರುತ್ತಿತ್ತು! 2016ರಲ್ಲಿ ಲಂಡನ್ನಿನ ಜೋಶುವಾ ರೀಸ್ ಇಂಥ 18 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿ ಉತ್ತರ ಶೇ. 52.3ರಷ್ಟಿತ್ತು. ವಿಶೇಷ ತರಬೇತಿ ಪಡೆದ ಕೇಳುಗರು ಇದಕ್ಕಿಂತ ಚೆನ್ನಾಗಿ ಗುರುತಿಸಿದ್ದರು. ವ್ಯತ್ಯಾಸ ಸೊನ್ನೆ ಎನ್ನಲಾಗದು, ಆದರೆ ಅದಕ್ಕಾಗಿ ಸಾವಿರಗಟ್ಟಲೆ ಸುರಿಯುವಷ್ಟೂ ಅಲ್ಲ.

ಹಾಗಾದರೆ ದುಬಾರಿ ಕಾರ್ಡ್ ಹಾಕಿದವರಿಗೆ ಚೆನ್ನಾಗಿ ಕೇಳುವುದೇಕೆ?

ಮೂರು ಕಾರಣಗಳಿರಬಹುದು. ಒಂದು, ಅದರ ಆಂಪ್ಲಿಫೈಯರ್ ಜೋರಾಗಿರುತ್ತದೆ. ಒಂದೇ ಹಾಡನ್ನು ಸ್ವಲ್ಪವೇ ಜೋರಾಗಿ ಹಾಕಿದರೂ ನಮ್ಮ ಕಿವಿ ಅದನ್ನು 'ಚೆನ್ನಾಗಿದೆ' ಎಂದುಕೊಳ್ಳುತ್ತದೆ. ಎರಡು, ಕಾರ್ಡಿನ ಜೊತೆ ಬರುವ ಸಾಫ್ಟ್‌ವೇರ್ ಬೇಸ್ ಏರಿಸಿರುತ್ತದೆ, ಇದನ್ನು ಯಾವ ಉಚಿತ ಈಕ್ವಲೈಜರ್ ಕೂಡ ಮಾಡಬಲ್ಲದು. ಮೂರು, ಹಣ ಕೊಟ್ಟ ಮೇಲೆ ಚೆನ್ನಾಗಿ ಕೇಳಲೇಬೇಕು ಎಂಬ ನಮ್ಮದೇ ನಿರೀಕ್ಷೆ.

ಅಗ್ಗದ ಕಾರ್ಡಿನಲ್ಲೂ ಮರುಳು ಮಾಡುವ ಬರಹಗಳಿವೆ. ಪುಟ್ಟ ಯುಎಸ್‌ಬಿ ಕಾರ್ಡಿನ ಮೇಲೆ '7.1' ಎಂದು ಅಚ್ಚಾಗಿರುತ್ತದೆ. 7.1 ಎಂದರೆ ಎಂಟು ಸ್ಪೀಕರ್. ಆದರೆ ಅದರಲ್ಲಿ ಇರುವುದು ಎರಡೇ ತೂತು, ಒಂದು ಹೆಡ್‌ಫೋನಿಗೆ, ಇನ್ನೊಂದು ಮೈಕಿಗೆ. ಉಳಿದ ಸ್ಪೀಕರುಗಳನ್ನು ಎಲ್ಲಿಗೆ ಚುಚ್ಚುವುದು? ಅದು ಸಾಫ್ಟ್‌ವೇರ್ ಕೊಡುವ ಭ್ರಮೆ. ವಾಟ್ಸ್ಆ್ಯಪಿನಲ್ಲಿ ಓಡಾಡುವ '8ಡಿ ಹಾಡು, ಹೆಡ್‌ಫೋನ್ ಹಾಕಿಯೇ ಕೇಳಿ' ಎಂಬುದೂ ಇದೇ ಜಾತಿಯದು. ಮಾಮೂಲಿ ಹಾಡನ್ನೇ ಎಡಬಲ ಓಡಾಡಿಸಿ, ಸ್ವಲ್ಪ ಪ್ರತಿಧ್ವನಿ ಸೇರಿಸಿರುತ್ತಾರೆ. ಚಿನ್ನದ ಲೇಪವಿರುವ ಪಿನ್ ತುಕ್ಕು ಹಿಡಿಯುವುದಿಲ್ಲ ನಿಜ, ಆದರೆ ಹಾಡಿಗೆ ಅದರಿಂದ ಮೆರುಗು ಬರುವುದಿಲ್ಲ.

ಯಾರಿಗೆ ಬೇಕು, ಯಾರಿಗೆ ಬೇಡ?

ಯುಎಸ್‌ಬಿ ಹೆಡ್‌ಸೆಟ್, ಬ್ಲೂಟೂತ್ ಹೆಡ್‌ಫೋನ್, ಎಚ್‌ಡಿಎಂಐ ಮೂಲಕ ಮಾನಿಟರಿನ ಸ್ಪೀಕರ್ ಬಳಸುವವರು ಸೌಂಡ್ ಕಾರ್ಡಿಗೆ ಒಂದು ರೂಪಾಯಿಯೂ ಹಾಕಬೇಕಿಲ್ಲ. ಅವುಗಳೊಳಗೆ ಅವುಗಳದ್ದೇ ಡ್ಯಾಕ್ ಇರುತ್ತದೆ. ಹತ್ತು ಸಾವಿರದ ಕಾರ್ಡ್ ಹಾಕಿದರೂ ಹಾಡು ಆ ಕಾರ್ಡಿನ ಡ್ಯಾಕನ್ನು ಮುಟ್ಟುವುದೇ ಇಲ್ಲ.

ಹೆಡ್‌ಫೋನಿನಲ್ಲಿ 'ಸುಂಯ್' ಎಂಬ ಸದ್ದು, ಮೌಸ್ ಆಡಿಸಿದಾಗ ಕಿರಿಕಿರಿ ಕೇಳುವವರಿಗೆ ಕಾರ್ಡ್ ಉಪಯೋಗಕ್ಕೆ ಬರಬಹುದು. ಕ್ಯಾಬಿನೆಟ್ಟಿನೊಳಗಿನ ವಿದ್ಯುತ್ ಗದ್ದಲ ಧ್ವನಿಯ ದಾರಿಗೆ ನುಸುಳುವುದರಿಂದ ಹೀಗಾಗುತ್ತದೆ. ಇಲ್ಲಿ ಕ್ಯಾಬಿನೆಟ್ಟಿನ ಹೊರಗೆ ಕೂರುವ ಸಾಧಾರಣ ಬೆಲೆಯ ಯುಎಸ್‌ಬಿ ಕಾರ್ಡ್, ಒಳಗೆ ಕೂರುವ ದುಬಾರಿ ಕಾರ್ಡಿಗಿಂತ ಒಳ್ಳೆಯ ಆಯ್ಕೆಯಾಗಬಹುದು.

ಸಾಧಾರಣ ಹೆಡ್‌ಫೋನುಗಳ ತಡೆ 16ರಿಂದ 32 ಓಮ್. ಸ್ಟುಡಿಯೋದಲ್ಲಿ ಬಳಸುವ ಕೆಲವು 250, 300 ಓಮ್ ಇರುತ್ತವೆ. ಅಂಥವನ್ನು ಹಾಕಿ ವಾಲ್ಯೂಮ್ ಪೂರ್ತಿ ಏರಿಸಿದರೂ ಸದ್ದು ಸಾಲದಿದ್ದರೆ ಒಳ್ಳೆಯ ಆಂಪ್ಲಿಫೈಯರ್ ಇರುವ ಕಾರ್ಡಿಗೆ ಹಣ ಹಾಕಿದ್ದು ಸಾರ್ಥಕ. ಹಾಡು, ಪಾಠ, ಪಾಡ್‌ಕಾಸ್ಟ್ ರೆಕಾರ್ಡ್ ಮಾಡುವವರಿಗೆ ಬೇಕಾದದ್ದು ಗೇಮಿಂಗ್ ಸೌಂಡ್ ಕಾರ್ಡ್ ಅಲ್ಲ, ಸ್ಟುಡಿಯೋ ಮೈಕಿಗೆ 48 ವೋಲ್ಟ್ ಕೊಡಬಲ್ಲ ಆಡಿಯೋ ಇಂಟರ್‌ಫೇಸ್.

ಕೊಳ್ಳುವ ಮೊದಲು ಮನೆಯಲ್ಲೇ ಪರೀಕ್ಷೆ ಮಾಡಿ

1. ಹೆಡ್‌ಫೋನನ್ನು ಕ್ಯಾಬಿನೆಟ್ಟಿನ ಮುಂದಿನ ತೂತಿನಿಂದ ತೆಗೆದು ಹಿಂದಿನ ತೂತಿಗೆ ಹಾಕಿ. ಮುಂದಿನದಕ್ಕೆ ಹೋಗುವ ಉದ್ದ ವೈರೇ ಎಷ್ಟೋ ಸಲ ಗದ್ದಲಕ್ಕೆ ಕಾರಣ.

2. ಸ್ಪೀಕರಿನಲ್ಲಿ 'ಗುಂಯ್' ಎನ್ನುತ್ತಿದ್ದರೆ ಸ್ಪೀಕರ್ ಮತ್ತು ಕಂಪ್ಯೂಟರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಪ್ಲಗ್ಗಿನ ಅರ್ಥ್ ಪಿನ್ ಮುರಿದರೆ ಸದ್ದು ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಶಾಕ್ ಹೊಡೆಯದಂತೆ ನಿಮ್ಮನ್ನು ಕಾಯುವುದೇ ಆ ಪಿನ್.

3. ಅದೇ ಹೆಡ್‌ಫೋನ್, ಅದೇ ಹಾಡನ್ನು ಮೊಬೈಲಿನಲ್ಲಿ ಕೇಳಿ. ಅಲ್ಲೂ ಸಪ್ಪೆಯಾಗಿದ್ದರೆ ತೊಂದರೆ ಬಹುಶಃ ಹೆಡ್‌ಫೋನಿನಲ್ಲೋ ಹಾಡಿನ ಫೈಲಿನಲ್ಲೋ ಇದೆ. ಫಾರ್ವರ್ಡ್ ಆಗಿ ಬಂದ, ಒತ್ತಿ ಚಿಕ್ಕದಾಗಿಸಿದ ಫೈಲಿನಿಂದ ಕಳೆದುಹೋದದ್ದನ್ನು ಯಾವ ಕಾರ್ಡೂ ಮರಳಿ ತರಲಾರದು.

4. ಗೆಳೆಯರ ಕಾರ್ಡ್ ಸಿಕ್ಕರೆ ಎರಡರ ವಾಲ್ಯೂಮ್ ಸರಿಸಮ ಮಾಡಿ. ನೀವು ಆಚೆ ತಿರುಗಿ ಕುಳಿತುಕೊಳ್ಳಿ, ಮನೆಯವರು ಬದಲಿಸಲಿ. ಹತ್ತು ಸಲದಲ್ಲಿ ಐದಾರು ಸಲ ಸರಿ ಹೇಳಿದರೆ ಅದು ಬರೀ ಊಹೆ. ಒಂಬತ್ತು ಅಥವಾ ಹತ್ತು ಸಲ ಸರಿ ಹೇಳಿದರೆ ನಿಮಗೆ ವ್ಯತ್ಯಾಸ ನಿಜವಾಗಿಯೂ ಕೇಳುತ್ತಿದೆ ಎನ್ನಬಹುದು. ಬರೀ ಅದೃಷ್ಟದಿಂದ ಹಾಗಾಗುವ ಸಾಧ್ಯತೆ ನೂರಕ್ಕೆ ಒಂದರಷ್ಟೇ.

ಹಣ ಎಲ್ಲಿ ಹಾಕಬೇಕು?

ಮೊದಲು ಹೆಡ್‌ಫೋನ್ ಅಥವಾ ಸ್ಪೀಕರಿಗೆ. ಇವನ್ನು ಬದಲಿಸಿದರೆ ಆಗುವ ವ್ಯತ್ಯಾಸ ಯಾರಿಗಾದರೂ ಕಿವಿಗೆ ಬೀಳುತ್ತದೆ. ಅದಾದ ಮೇಲೂ ಗದ್ದಲವೋ ಸದ್ದಿನ ಕೊರತೆಯೋ ಉಳಿದರೆ ಹೆಸರಾಂತ ಕಂಪನಿಯ, ಸಾಧಾರಣ ಬೆಲೆಯ ಯುಎಸ್‌ಬಿ ಕಾರ್ಡ್ ಸಾಕು.

ಶಕ್ತಿಯುತ ಕಾರ್ಡ್ ತೆಗೆದುಕೊಂಡವರು ಒಂದು ಮಾತು ನೆನಪಿಡಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್‌ಗೆ ಏರಿಸಿದರೆ ಸುರಕ್ಷಿತ ಅವಧಿ ವಾರಕ್ಕೆ ನಾಲ್ಕೇ ಗಂಟೆ. ಜೋರು ಸದ್ದಿನಿಂದ ಕೆಟ್ಟ ಒಳಕಿವಿಯ ಕೋಶಗಳು ಮತ್ತೆ ಬೆಳೆಯುವುದಿಲ್ಲ. ಕಾರ್ಡ್ ಹೋದರೆ ಇನ್ನೊಂದು ತರಬಹುದು, ಕಿವಿಗೆ ಬದಲಿ ಇಲ್ಲ.

ಮುಂದಿನ ಸಲ 'ಈ ಕಾರ್ಡ್ ಹಾಕಿ, ಸ್ಟುಡಿಯೋ ಸೌಂಡ್ ಪಡೆಯಿರಿ' ಎಂಬ ಸಂದೇಶ ಬಂದರೆ, ಕಳಿಸಿದವರನ್ನು ಒಂದೇ ಪ್ರಶ್ನೆ ಕೇಳಿ: "ಕಣ್ಣು ಮುಚ್ಚಿಕೊಂಡು ಗುರುತಿಸಿದ್ದೀರಾ?"