ಶಿರಾಜ್ ಲೋಟದೊಳಗೆ ಕೋಣಂದೂರಿನ ಮೆಣಸು

ಮೊದಲು ಮೂಗಿಗೆ ಬಂದದ್ದು ನೇರಳೆ ಹಣ್ಣು. ಪೂರ್ತಿ ಕಳಿತು ಮರದ ಬುಡಕ್ಕೆ ಬಿದ್ದು, ಇರುವೆ ಮುತ್ತುವ ಹೊತ್ತಿನ ನೇರಳೆ. ಅದರ ಬೆನ್ನಿಗೇ ಒಣಗಿದ ಮುರುಗಲು ಸಿಪ್ಪೆಯ ಹುಳಿ. ಆಮೇಲೆ ಎಲ್ಲೋ ದೂರದಲ್ಲಿ ಅಡಿಕೆ ಬೇಯಿಸುವ ಒಲೆ ಉರಿಯುತ್ತಿದೆಯೇನೋ ಎನ್ನುವಷ್ಟು ಸಣ್ಣ ಹೊಗೆ. ಲೋಟವನ್ನು ಇನ್ನೊಂದು ಸುತ್ತು ತಿರುಗಿಸಿ ಮೂಗಿನ ಹತ್ತಿರ ತಂದೆ ನೋಡಿ, ಮೈ ಜುಮ್ಮೆಂದಿತು. ಇದು ನಮ್ಮ ಅಟ್ಟ! ಒಣಗಿಸಿದ ಕಾಳುಮೆಣಸನ್ನು ಗೋಣಿಚೀಲಕ್ಕೆ ತುಂಬಿ ಮುಚ್ಚಿಟ್ಟ ಅಟ್ಟದ ಬಾಗಿಲು ತೆಗೆದಾಗ ಮುಖಕ್ಕೆ ಬಂದು ಬಡಿಯುವ ಅದೇ ವಾಸನೆ!

ಹೊರಗೆ ಕೋಣಂದೂರಿನ ಮಳೆ. ಜಗಲಿಯಲ್ಲಿ ಕೂತಿದ್ದವರು ನಾವು ಐದು ಜನ. ಅಡಿಲೇಡಿನಲ್ಲಿರುವ ಚಿಕ್ಕಪ್ಪನ ಮಗ ರಜೆಗೆ ಬಂದಾಗ ಬಟ್ಟೆಯ ನಡುವೆ ಜೋಪಾನವಾಗಿ ಸುತ್ತಿ ತಂದ ಒಂದು ಸೀಸೆ. ಆಸ್ಟ್ರೇಲಿಯದ ವಿಕ್ಟೋರಿಯಾ ರಾಜ್ಯದ ತಂಪು ಬೆಟ್ಟದ ತಪ್ಪಲಿನ ಒಂದೇ ಒಂದು ತೋಟದ ದ್ರಾಕ್ಷಿಯಿಂದ ಮಾಡಿದ ಶಿರಾಜ್.

“ಇದಕ್ಕೆ ಮೆಣಸು ಹಾಕ್ತಾರೇನೋ ತಮ್ಮ?” ಅಂದೆ.

“ಇಲ್ಲ ಅಣ್ಣ. ದ್ರಾಕ್ಷಿ ಬಿಟ್ರೆ ಮತ್ತೆಂಥದೂ ಇಲ್ಲ.”

ನಾನು ನಂಬಲಿಲ್ಲ. ಆ ರಾತ್ರಿಯಿಂದ ಓದತೊಡಗಿದವನು, ಓದಿದಷ್ಟೂ ಬೆರಗಾಗುತ್ತ ಹೋಗಿದ್ದೇನೆ. ಲೋಟದಲ್ಲಿ ಮೆಣಸಿನ ಹಾಗಿನ ವಾಸನೆ ಇತ್ತು ಅಂದುಕೊಂಡಿದ್ದೆ. ಹಾಗಲ್ಲ. ಇದ್ದದ್ದು ಮೆಣಸಿನದೇ ವಾಸನೆ. ನಮ್ಮ ಅಡಿಕೆಮರವನ್ನು ತಬ್ಬಿಕೊಂಡು ಏರುವ ಬಳ್ಳಿಯ ಕಾಳಿನಲ್ಲಿ ಯಾವ ಅಣು ಇದೆಯೋ, ಸಾವಿರಾರು ಮೈಲಿ ಆಚೆಯ ಆ ದ್ರಾಕ್ಷಿಯ ಸಿಪ್ಪೆಯಲ್ಲೂ ಅದೇ ಅಣು!

ಆ ಅಣುವಿನ ಹೆಸರು ರೊಟುಂಡೋನ್. ಶಿರಾಜ್ ವೈನಿನಲ್ಲಿ ಮೆಣಸಿನ ಘಮವಿದೆಯೆಂದು ಕುಡಿಯುವವರು ಬಹಳ ಕಾಲದಿಂದ ಹೇಳುತ್ತಲೇ ಇದ್ದರು. ಅದು ಬರೀ ಹೋಲಿಕೆಯ ಮಾತೋ, ನಿಜವಾಗಿ ಏನಾದರೂ ಇದೆಯೋ ಗೊತ್ತಿರಲಿಲ್ಲ. ಅಡಿಲೇಡಿನ ಆಸ್ಟ್ರೇಲಿಯನ್ ವೈನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹುಡುಕಿ ಹುಡುಕಿ ಕೊನೆಗೆ 2008ರಲ್ಲಿ ಅದನ್ನು ಪ್ರಕಟಿಸಿದರು. ಕಾಳುಮೆಣಸಿನ ಘಮಕ್ಕೆ ಈ ಅಣುವೇ ಒಂದು ಮುಖ್ಯ ಕಾರಣವೆಂದು ಜಗತ್ತಿಗೆ ಗೊತ್ತಾದದ್ದೂ ಆಗಲೇ! ಮೆಣಸಿನ ಖಾರ ಎಲ್ಲಿಂದ ಬರುತ್ತದೆ ಎಂಬುದು 1819ರಲ್ಲೇ ತಿಳಿದಿತ್ತು. ಡೆನ್ಮಾರ್ಕಿನ ಅರ್ಸ್ಟೆಡ್ ಎಂಬ ವಿಜ್ಞಾನಿ ಪೈಪರೀನನ್ನು ಬೇರ್ಪಡಿಸಿದ್ದ. ಖಾರಕ್ಕೂ ಘಮಕ್ಕೂ ನಡುವೆ 189 ವರ್ಷ. ಶಿರಾಜ್‌ನಲ್ಲಿ ಪೈಪರೀನ್ ಇಲ್ಲ. ಅದಕ್ಕೇ ನಾಲಿಗೆ ಸುಡುವುದಿಲ್ಲ, ಮೂಗು ಮಾತ್ರ ಮೆಣಸು ಮೆಣಸು ಎನ್ನುತ್ತದೆ.

ಇನ್ನು ಅದರ ಅಳತೆ ಕೇಳಿ. ಒಂದು ಲೀಟರ್ ಕೆಂಪು ವೈನಿನಲ್ಲಿ ಬರೀ 16 ನ್ಯಾನೋಗ್ರಾಂ ಇದ್ದರೆ ಸಾಕು, ಮನುಷ್ಯನ ಮೂಗಿಗೆ ತಿಳಿಯುತ್ತದೆ. ಲೆಕ್ಕ ಹಾಕಿದೆ. ಒಂದೇ ಒಂದು ಗ್ರಾಂ ರೊಟುಂಡೋನ್ ಆರೂಕಾಲು ಕೋಟಿ ಲೀಟರ್ ವೈನಿಗೆ ಸಾಕಾಗುತ್ತದೆ! 12,000 ಲೀಟರಿನ ಟ್ಯಾಂಕರ್ ಲಾರಿಗಳನ್ನು ಸಾಲಾಗಿ ನಿಲ್ಲಿಸಿದರೆ ಐದು ಸಾವಿರಕ್ಕೂ ಮಿಕ್ಕಿ ಲಾರಿ ಬೇಕು. ಆ ಅಷ್ಟೂ ವೈನಿಗೆ ಆ ಒಂದೇ ಒಂದು ಗ್ರಾಂ ಘಮ ಕೊಡುತ್ತದೆ. ನಮ್ಮ ಕಾಳುಮೆಣಸಿನಲ್ಲಿಯೋ, ಶಿರಾಜ್‌ನಲ್ಲಿ ಇರುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚು. ಅಂಥ ಸಂಪತ್ತನ್ನು ನಾವು ಸಾರಿಗೆ ಕುಟ್ಟಿ ಹಾಕಿ ಉಂಡೆದ್ದು ಹೋಗುತ್ತಿದ್ದೇವೆ.

ಹೆಸರಿನ ಕತೆ ಇನ್ನೂ ಚೆಂದ. ರೊಟುಂಡೋನ್ ಮೊದಲು ಸಿಕ್ಕಿದ್ದು ದ್ರಾಕ್ಷಿಯಲ್ಲೂ ಅಲ್ಲ, ಮೆಣಸಿನಲ್ಲೂ ಅಲ್ಲ. ಸೈಪರಸ್ ರೊಟುಂಡಸ್ ಎಂಬ ಒಂದು ಕಳೆಯ ಗಡ್ಡೆಯಲ್ಲಿ. ಯಾವುದು ಗೊತ್ತೇ ಆ ಕಳೆ? ಜೇಕು, ಕೊನ್ನಾರಿಗಡ್ಡೆ, ಭದ್ರಮುಷ್ಟಿ ಎಂದು ಊರಿಗೊಂದು ಹೆಸರಿನಿಂದ ಕರೆಯುತ್ತೇವಲ್ಲ, ಎಷ್ಟು ಕಿತ್ತರೂ ಮತ್ತೆ ಮತ್ತೆ ತಲೆಯೆತ್ತುತ್ತದಲ್ಲ, ಅದೇ! ಆಯುರ್ವೇದದವರು ಮುಸ್ತಾ ಎಂದು ಗೌರವದಿಂದ ಕಷಾಯಕ್ಕೆ ಹಾಕುವುದೂ ಅದನ್ನೇ. ನಂಬಿಕೆ ಬಾರದಿದ್ದರೆ ಒಂದು ಗಡ್ಡೆ ಕಿತ್ತು, ತೊಳೆದು, ಉಗುರಿನಿಂದ ಗೀರಿ ಮೂಸಿ. ದಂಡೆ ಕಟ್ಟುವಾಗ ಮಲ್ಲಿಗೆಯ ನಡುವೆ ಸೇರಿಸುವ ಮರುಗದಲ್ಲೂ ರೊಟುಂಡೋನ್ ಇದೆಯಂತೆ. ಅಂದರೆ ನಮ್ಮ ಹೆಂಗಸರ ಮುಡಿ, ನಮ್ಮ ಗದ್ದೆಯ ಬದು, ನಮ್ಮ ಅಟ್ಟ, ಈ ಮೂರನ್ನೂ ಹೊಲಿದ ದಾರ ಒಂದೇ. ಆ ದಾರದ ತುದಿ ನನಗೆ ಸಿಕ್ಕಿದ್ದು ಒಂದು ವೈನ್ ಲೋಟದಲ್ಲಿ!

ಜಗಲಿಯಲ್ಲಿ ಆ ಸಂಜೆ ಇನ್ನೊಂದು ಸಂಗತಿ ನಡೆಯಿತು. ನಾವು ನಾಲ್ಕು ಜನ ಮೆಣಸು ಮೆಣಸು ಎಂದು ಕುಣಿಯುತ್ತಿದ್ದರೆ ದೊಡ್ಡಪ್ಪ ಮಾತ್ರ ಲೋಟವನ್ನು ಮತ್ತೆ ಮತ್ತೆ ಮೂಸಿ ತಲೆ ಅಲ್ಲಾಡಿಸಿದರು. “ನಂಗೆ ನೇರಳೆ ಬಿಟ್ರೆ ಬೇರೆಂಥದೂ ಬರ್ತಿಲ್ಲ ಮಾರಾಯಾ.” ಐವತ್ತು ವರ್ಷ ಮೆಣಸು ಕೊಯ್ದ ಕೈ ಅದು. ಆಗ ಎಲ್ಲರೂ ವಯಸ್ಸಾಯಿತು ಅಂದುಕೊಂಡೆವು. ಆಮೇಲೆ ಓದಿದೆ: ಸುಮಾರು ಐದರಲ್ಲಿ ಒಬ್ಬರಿಗೆ ರೊಟುಂಡೋನಿನ ವಾಸನೆ ಹತ್ತುವುದೇ ಇಲ್ಲ, ಪರೀಕ್ಷೆಯಲ್ಲಿ ಕೊಟ್ಟ ಅತಿ ಹೆಚ್ಚಿನ ಪ್ರಮಾಣದಲ್ಲೂ ಇಲ್ಲ. ಒಂದೇ ಲೋಟದ ಸುತ್ತ ಕೂತ ಐವರು ಒಂದೇ ವೈನನ್ನು ಕುಡಿಯುತ್ತಿರುವುದಿಲ್ಲ! ದೊಡ್ಡಪ್ಪನ ಮೆಣಸು ಬೇರೆ, ನನ್ನ ಮೆಣಸು ಬೇರೆ. ಒಂದೇ ಮನೆಯಲ್ಲಿ ಒಂದೇ ಸಾರು ಉಂಡು ಬೆಳೆದರೂ ಈ ಗುಟ್ಟು ನಮಗೆ ತಿಳಿದಿರಲಿಲ್ಲ.

ಈಗ ಒಂಟಿ ತೋಟದ ವೈನ್ ಎಂದರೇನು ಎಂಬುದಕ್ಕೆ ಬರುತ್ತೇನೆ. ದೊಡ್ಡ ಕಂಪನಿಗಳು ಬೇರೆ ಬೇರೆ ಸೀಮೆಯ ದ್ರಾಕ್ಷಿ ತಂದು, ಹದ ನೋಡಿ ಬೆರೆಸುತ್ತವೆ. ಅದೂ ಸಣ್ಣ ವಿದ್ಯೆಯಲ್ಲ. 1951ರಲ್ಲಿ ಮ್ಯಾಕ್ಸ್ ಶುಬರ್ಟ್ ಎಂಬಾತ ಶುರುಮಾಡಿದ ಪೆನ್‌ಫೋಲ್ಡ್ಸ್ ಗ್ರೇಂಜ್ ಹಾಗೆ ಬೆರೆಸಿ ಮಾಡಿದ್ದೇ, ಜಗತ್ಪ್ರಸಿದ್ಧವಾದದ್ದೇ. ಇದಕ್ಕೆ ತದ್ವಿರುದ್ಧ ದಾರಿ ಹೆನ್ಶ್ಕೆ ಮನೆತನದ್ದು. ದಕ್ಷಿಣ ಆಸ್ಟ್ರೇಲಿಯದ ಈಡನ್ ಕಣಿವೆಯಲ್ಲಿ ಒಂದು ಹಳೆಯ ಚರ್ಚಿನ ಹತ್ತಿರ ಅವರ ಹಿಲ್ ಆಫ್ ಗ್ರೇಸ್ ಎಂಬ ತೋಟವಿದೆ. ಅಲ್ಲಿನ ಅತಿ ಹಳೆಯ ಬಳ್ಳಿಗಳನ್ನು ನೆಟ್ಟದ್ದು 1860ರ ಸುಮಾರಿಗೆ, ಅವು ಇನ್ನೂ ಹಣ್ಣು ಕೊಡುತ್ತಿವೆ! 1958ರಿಂದ ಆ ತೋಟದ ಶಿರಾಜನ್ನು ಬೇರೆ ಯಾವುದಕ್ಕೂ ಬೆರೆಸದೆ ತೋಟದ ಹೆಸರಿನಲ್ಲೇ ಸೀಸೆಗೆ ತುಂಬುತ್ತಾರೆ. ಆ ವರ್ಷ ಮಳೆ ಹೇಗಿತ್ತು, ಬಿಸಿಲು ಹೇಗಿತ್ತು, ಮಣ್ಣು ಏನು ಕೊಟ್ಟಿತು, ಎಲ್ಲವೂ ಒಂದೇ ಸೀಸೆಯಲ್ಲಿ. ಮುಚ್ಚಿಡಲು ಜಾಗವಿಲ್ಲ.

ಒಂದು ತೋಟದೊಳಗೂ ಎಷ್ಟು ಬಗೆ! ವಿಕ್ಟೋರಿಯಾದ ಗ್ರ್ಯಾಂಪಿಯನ್ಸ್ ವೈನ್ ಸೀಮೆಯ ಮೌಂಟ್ ಲಾಂಗಿ ಘಿರನ್ ಎಂಬಲ್ಲಿ ಸುಮಾರು 15 ಎಕರೆಯ ಒಂದೇ ಶಿರಾಜ್ ತೋಟವನ್ನು ಅಡಿ ಅಡಿಗೂ ಅಳೆದಿದ್ದಾರೆ. ಬಳ್ಳಿಯಿಂದ ಬಳ್ಳಿಗೆ ರೊಟುಂಡೋನ್ ಹಲವು ಪಟ್ಟು ಹೆಚ್ಚುಕಡಿಮೆ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಹೆಚ್ಚು. ಆ ಗೋಳಾರ್ಧದಲ್ಲಿ ದಕ್ಷಿಣವೆಂದರೆ ಬಿಸಿಲು ಕಡಿಮೆ ಬೀಳುವ ದಿಕ್ಕು. ಗೊಂಚಲಿಗೆ 25 ಡಿಗ್ರಿ ಸೆಲ್ಸಿಯಸ್ಸಿಗಿಂತ ಹೆಚ್ಚಿನ ಕಾವು ಬಹಳ ಹೊತ್ತು ತಾಗಿದರೆ ಮೆಣಸಿನ ಘಮ ಇಳಿಯುತ್ತದೆ. ತಂಪಿನಲ್ಲಿ ನಿಧಾನವಾಗಿ ಹಣ್ಣಾದರೆ ಮೆಣಸು, ಕಾವಿನಲ್ಲಿ ಹಣ್ಣಾದರೆ ಜಾಮು, ಚಾಕಲೇಟು. ಬಿಸಿಲಿನ ನಾಡಿನ ಶಿರಾಜ್ ದಪ್ಪಗೆ ಸಿಹಿಯಾಗಿ ತೋರುವುದು ಇದಕ್ಕೇ.

ನಾಲಿಗೆಯ ಮೇಲೆ ಏನಾಗುತ್ತದೆ? ಇದನ್ನು ಬೇರೆಯವರಿಗೆ ವಿವರಿಸುವುದು ಕಷ್ಟ, ನಮ್ಮ ಕಡೆಯವರಿಗೆ ಬಹಳ ಸುಲಭ. ಚೊಗರು! ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಆ ಕಡುಗೆಂಪು ರಸ. ವೈನಿನಲ್ಲಿ ನಾಲಿಗೆ ಹಿಡಿಯುವ, ವಸಡು ಬಿಗಿಯುವ ಒಗರಿಗೂ ಚೊಗರಿನ ಒಗರಿಗೂ ಕಾರಣ ಟ್ಯಾನಿನ್ ಜಾತಿಯ ವಸ್ತುಗಳೇ. ಶಿರಾಜ್ ದ್ರಾಕ್ಷಿಯ ತಿರುಳು ಬಿಳಿಚು. ಸಿಪ್ಪೆಯನ್ನು ರಸದಲ್ಲೇ ನೆನೆಯಲು ಬಿಟ್ಟಾಗ ಬಣ್ಣ, ಒಗರು, ರೊಟುಂಡೋನ್ ಮೂರೂ ಇಳಿಯುತ್ತವೆ. ನಾನು ಮೊದಲ ಗುಟುಕಿಗೇ ಗುರುತು ಹಿಡಿದೆ. ಎಳೆ ಅಡಿಕೆ ಅಗಿದ ಒಗರಲ್ಲ ಇದು. ಚೆನ್ನಾಗಿ ಬೆಂದು ಬಿಸಿಲು ಕಂಡ ಕೆಂಪಡಿಕೆಯ, ಅಂಚು ಸವೆದ ಒಗರು. ಜಗತ್ತಿನ ಯಾವ ವೈನ್ ಶಾಲೆಯಲ್ಲೂ ಕಲಿಸದಷ್ಟು ಸೂಕ್ಷ್ಮವಾಗಿ ಒಗರಿನ ತರತಮ ಬಲ್ಲವರು ಅಡಿಕೆ ಸೀಮೆಯ ಜನ. ಇದನ್ನು ನಾನು ಎದೆ ತಟ್ಟಿ ಹೇಳುತ್ತೇನೆ.

ದ್ರಾಕ್ಷಿನಾಡು ನಮ್ಮ ತೋಟಕ್ಕೆ ಬಂದು ಬಹಳ ಕಾಲವಾಗಿದೆ, ನಾವು ಗಮನಿಸಿಲ್ಲ ಅಷ್ಟೆ. ಮಳೆಗಾಲ ಹಿಡಿಯುವ ಮುಂಚೆ ಕೊನೆಗೌಡ ಮರ ಹತ್ತಿ ಏನು ಹೊಡೆಯುತ್ತಾನೆ? ಬೋರ್ಡೋ. ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್. ಆ ಬೋರ್ಡೋ ಎಂಬುದು ಊರಿನ ಹೆಸರು, ಫ್ರಾನ್ಸಿನ ವೈನಿನ ರಾಜಧಾನಿ! ಅಲ್ಲಿ ಮೆಡಾಕ್ ಎಂಬ ಕಡೆ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆಬದಿಯ ಸಾಲುಗಳಿಗೆ ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. ಬೇರೆ ಬಳ್ಳಿಗಳೆಲ್ಲ ರೋಗ ಬಂದು ಎಲೆ ಉದುರಿಸಿದಾಗ ಬಳಿದ ಸಾಲು ಮಾತ್ರ ಹಸಿರಾಗಿ ನಿಂತದ್ದನ್ನು 1882ರಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಕಂಡ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಬೆನ್ನುಹತ್ತಿ, ಅದಕ್ಕೂ ಇದೇ ಮದ್ದೆಂದು ತೋರಿಸಿಕೊಟ್ಟ. ದ್ರಾಕ್ಷಿಯ ಆ ರೋಗಾಣುವೂ ಅಡಿಕೆಯ ಕೊಳೆಯ ರೋಗಾಣುವೂ ಒಂದೇ ವರ್ಗಕ್ಕೆ ಸೇರಿದವು. ಮೆಣಸಿನ ಬಳ್ಳಿಯ ಸೊರಗು ರೋಗದ್ದೂ ಅದೇ ಕುಲ. ಮಳೆ ತಾಗದಂತೆ ಅಡಿಕೆ ಗೊನೆಗೆ ಕೊಟ್ಟೆ ಕಟ್ಟುವ ಕಷ್ಟದಿಂದ ನಮ್ಮ ಹಿರಿಯರನ್ನು ಪಾರುಮಾಡಿದ್ದು ಒಬ್ಬ ದ್ರಾಕ್ಷಿ ಬೆಳೆಗಾರ ಕಳ್ಳರಿಗೆ ಹೆದರಿ ಬಳಿದ ನೀಲಿ ಬಣ್ಣ!

ಇನ್ನೂ ಹಿಂದಕ್ಕೆ ಹೋದರೆ ಪಿಯೆತ್ರೊ ದೆಲ್ಲಾ ವಾಲೆ ಸಿಗುತ್ತಾನೆ. ರೋಮಿನವನು. ಪರ್ಷಿಯಾದಲ್ಲಿ ವರ್ಷಗಟ್ಟಲೆ ತಿರುಗಿ, ಶಿರಾಜ್ ನಗರವನ್ನು ಕಣ್ಣಾರೆ ಕಂಡವನು. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಗೇರುಸೊಪ್ಪೆಯ ಘಟ್ಟ ಹತ್ತಿ ಇಕ್ಕೇರಿಗೆ, ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದ. ಗೇರುಸೊಪ್ಪೆಯ ರಾಣಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆಯುತ್ತಿದ್ದುದನ್ನು ಬರೆದಿಟ್ಟ. ಶಿರಾಜ್‌ನಿಂದ ಮೆಣಸಿನ ಸೀಮೆಗೆ, ನಾಲ್ಕು ನೂರು ವರ್ಷದ ಹಿಂದೆ! ಶಿರಾಜ್ ದ್ರಾಕ್ಷಿ ಪರ್ಷಿಯಾದ ಆ ಊರಿಂದಲೇ ಹೋದದ್ದು ಎಂಬ ಕತೆಯೂ ಬಹಳ ಕಾಲ ಓಡಾಡಿತು. 1998ರ ಡಿಎನ್‌ಎ ಪರೀಕ್ಷೆ ಅದನ್ನು ಮುಗಿಸಿತು. ಇದರ ತಂದೆತಾಯಿ ಡ್ಯುರೆಜಾ ಮತ್ತು ಮೊಂಡೂಜ್ ಬ್ಲಾಂಶ್ ಎಂಬ ಎರಡು ತಳಿ, ಹುಟ್ಟಿದ್ದು ಫ್ರಾನ್ಸಿನ ಆಗ್ನೇಯದಲ್ಲಿ. ಅಲ್ಲಿನವರು ಸಿರಾ ಎನ್ನುತ್ತಾರೆ.

ಕೋಣಂದೂರಿನಲ್ಲಿ ದ್ರಾಕ್ಷಿ ಆಗುವುದಿಲ್ಲ. ಆಗುಂಬೆ ಇರುವ ತಾಲೂಕು ನಮ್ಮದು, ಮಳೆಗೆ ಬಳ್ಳಿ ಕೊಳೆತು ಹೋಗುತ್ತದೆ. ಆದರೆ ನಂದಿಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಹತ್ತಿರ ಗ್ರೋವರ್ ತೋಟದವರು ಬೆಳೆಯುತ್ತಾರೆ. ಅವರ ಲಾ ರಿಸರ್ವ್‌ನಲ್ಲಿ ಕೆಬರ್ನೆ ಸೊವಿನ್ಯೋನ್ ಜೊತೆ ಶಿರಾಜ್ ಇದೆ. ಕೊಪ್ಪಳ ಜಿಲ್ಲೆಯ ಬಂಡೆಗುಡ್ಡಗಳ ನಡುವೆ 2008ರಲ್ಲಿ ನೆಟ್ಟ ಕೃಸ್ಮಾ ತೋಟದವರು ತಮ್ಮದೇ ತೋಟದ ಹಣ್ಣಿನಿಂದ ಸಿರಾ ಮಾಡುತ್ತಾರೆ. ನಮ್ಮ ಹವೆಯಲ್ಲಿ ಬಳ್ಳಿ ಚಳಿಗಾಲದ ನಿದ್ದೆ ಮಾಡುವುದಿಲ್ಲವಾದ್ದರಿಂದ ವರ್ಷಕ್ಕೆ ಎರಡು ಸಲ ಚಾಟನಿ ಮಾಡಿ ಒಂದು ಬೆಳೆ ತೆಗೆಯುತ್ತಾರೆ. ಕನ್ನಡ ನೆಲದ ಶಿರಾಜ್‌ಗೂ ಅದರದೇ ದನಿ ಇದೆ.

ಈ ಒಂಟಿ ತೋಟದ ಹೆಮ್ಮೆ ಮಲೆನಾಡಿಗೆ ಹೊಸತೇನಲ್ಲ. ಅಪ್ಪೆಮಿಡಿಯಲ್ಲಿ ನಾವು ಇನ್ನೂ ಮುಂದೆ ಹೋಗಿದ್ದೇವೆ. ನಮ್ಮದು ಒಂಟಿ ಮರದ ಲೆಕ್ಕ. ಇದು ಇಂಥ ಹೊಳೆದಂಡೆಯ ಇಂಥ ಮರದ ಜೀರಿಗೆ ಮಿಡಿ ಎಂದು ಉಪ್ಪಿನಕಾಯಿಯ ಜಾಡಿಗೆ ಮೂಗಿಟ್ಟು ಹೇಳಬಲ್ಲ ಅಜ್ಜಿಯರು ನಮ್ಮ ಮನೆಗಳಲ್ಲಿದ್ದಾರೆ. ಆದರೆ ಮೆಣಸನ್ನು ಮಾತ್ರ ಹಾಗೆ ನೋಡಲೇ ಇಲ್ಲ. ಕೊಯ್ದು, ಕರೆಯಿಂದ ಕಾಳು ಬಿಡಿಸಿ, ಒಣಗಿಸಿ, ಚೀಲ ಕಟ್ಟಿ ಮಂಡಿಗೆ. ಅಲ್ಲಿ ಕೇಳುವುದು ತೇವ ಎಷ್ಟು, ಒಂದು ಲೀಟರ್ ಕಾಳು ಎಷ್ಟು ತೂಗುತ್ತದೆ ಎಂದು ಮಾತ್ರ. ಹತ್ತೂರಿನ ಮೆಣಸು ಒಂದೇ ರಾಶಿ. ಹಳ್ಳದ ಬದಿಯ ನೆರಳಿನ ಬಳ್ಳಿ, ಗುಡ್ಡದ ಕಡೆಯ ಬಿಸಿಲಿನ ಬಳ್ಳಿ, ಅಜ್ಜ ನೆಟ್ಟ ನಾಟಿ ಬಳ್ಳಿ, ಮೊನ್ನೆ ತಂದ ಪಣಿಯೂರು ತಳಿಯ ಬಳ್ಳಿ, ಎಲ್ಲ ಒಂದೇ.

ಈ ಸಲದ ಕೊಯ್ಲಿಗೆ ನಾನು ಆರು ಡಬ್ಬಿ ಇಟ್ಟುಕೊಂಡಿದ್ದೇನೆ, ತೋಟದ ಆರು ಮೂಲೆಗೆ ಆರು. ನೀವೂ ಹಾಗೆ ಮಾಡಿ. ಒಂದೊಂದು ಸೇರು ಬೇರೆ ಬೇರೆ ಒಣಗಿಸಿ, ಬಳ್ಳಿಯ ಜಾಗ ಬರೆದು ಚೀಟಿ ಅಂಟಿಸಿ ಇಡಿ. ಮಳೆಗಾಲದ ಒಂದು ಸಂಜೆ ಹತ್ತು ಹತ್ತು ಕಾಳು ಕುಟ್ಟಿ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಒಂದೊಂದನ್ನೂ ಮೂಸಿ ನೋಡಿ.