ಮಕ್ಕಳ ವನ್ಯಜೀವಿ ಆ್ಯಪ್‌ಗಳು: ಪೋಷಕರಿಗೆ ಒಂದು ತಿಳಿವಳಿಕೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ಪೋಷಕರು ನಮ್ಮನ್ನು ಕೇಳುವುದುಂಟು: ಪ್ರಾಣಿ ಪಕ್ಷಿಗಳ ಬಗ್ಗೆ ಕಲಿಸುವ ಮೊಬೈಲ್ ಆ್ಯಪ್‌ಗೆ ವಿದ್ಯಾರ್ಥಿವೇತನದ ಹಣ ಕಟ್ಟಬಹುದೇ? ಬೇಡ ಎನ್ನುವುದು ನಮ್ಮ ಉತ್ತರ. ಆ್ಯಪ್ ಬೇಡವೆಂದಲ್ಲ, ಒಳ್ಳೆಯವು ಉಚಿತವಾಗಿಯೇ ಸಿಗುತ್ತವೆ. ದಾನಿಗಳು ನಂಬಿ ಕೊಟ್ಟ ಹಣ ಶಾಲೆಯ ಶುಲ್ಕಕ್ಕೆ, ಪುಸ್ತಕಕ್ಕೆ, ಬಸ್ ಪಾಸ್‌ಗೆ ಇರಲಿ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಅಧ್ಯಯನ ಕೇಂದ್ರ ರೂಪಿಸಿದ 'ಮರ್ಲಿನ್' ಆ್ಯಪ್‌ಗೆ ಒಂದು ರೂಪಾಯಿಯೂ ಕೊಡಬೇಕಿಲ್ಲ. ಹಕ್ಕಿಯನ್ನು ಎಲ್ಲಿ ಕಂಡಿರಿ, ಯಾವಾಗ ಕಂಡಿರಿ, ಗಾತ್ರ ಎಷ್ಟು, ಬಣ್ಣ ಯಾವುದು, ಏನು ಮಾಡುತ್ತಿತ್ತು ಎಂದು ಐದು ಪ್ರಶ್ನೆ ಕೇಳಿ, ಇರಬಹುದಾದ ಹಕ್ಕಿಗಳ ಚಿತ್ರ ತೋರಿಸುತ್ತದೆ. ಪಾಠ ಇರುವುದು ಆ ಪ್ರಶ್ನೆಗಳಲ್ಲೇ. ಉತ್ತರಿಸಬೇಕಾದರೆ ಮಗು ಹಕ್ಕಿಯನ್ನು ನಿಂತು ನೋಡಿರಲೇಬೇಕು. ಕೂಗು ಕೇಳಿಸಿಕೊಂಡೂ ಹೆಸರು ಹೇಳುತ್ತದೆ, ತಪ್ಪುವುದೂ ಉಂಟು. ನಮ್ಮ ಪ್ರದೇಶದ ಹಕ್ಕಿಗಳ ಮಾಹಿತಿಯನ್ನು ಒಮ್ಮೆ ಡೌನ್‌ಲೋಡ್ ಮಾಡಿಕೊಂಡರೆ ನೆಟ್‌ವರ್ಕ್ ಇಲ್ಲದ ಊರಲ್ಲೂ ನಡೆಯುತ್ತದೆ. ಮನೆಗೊಂದೇ ಫೋನ್, ಅದೂ ತಂದೆಯ ಜೊತೆ ಕೆಲಸಕ್ಕೆ ಹೋಗುತ್ತದೆ ಎನ್ನುವವರಿಗೆ ಭಾನುವಾರದ ಅರ್ಧ ಗಂಟೆ ಸಾಕು. ಕೆ.ಆರ್. ನಗರದ ಗದ್ದೆ ಬದುವಿನಲ್ಲೇ ಬೆಳ್ಳಕ್ಕಿ, ಮಿಂಚುಳ್ಳಿ ಸಿಗುತ್ತವೆ, ಕಾಡಿಗೆ ಹೋಗಬೇಕಿಲ್ಲ.

ತೊಡಕು ಭಾಷೆಯದು. ಆ್ಯಪ್ 'ಗ್ರೇಟರ್ ಕೂಕಲ್' ಎಂದಾಗ ಅದು ಹಿತ್ತಲಿನ ಕೆಂಬೂತವೇ ಎಂದು ಹಿರಿಯರು ಹೇಳಿಕೊಡಬೇಕು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಆಡುವ ನಮ್ಮ ಮಕ್ಕಳಿಗೆ ಇನ್ನೊಂದು ಹೆಸರು ಸೇರಿದರೆ ನಷ್ಟವೇನಿಲ್ಲ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ 'ಅರ್ಲಿ ಬರ್ಡ್' ಮಕ್ಕಳಿಗಾಗಿ ಕನ್ನಡದಲ್ಲೂ ಹಕ್ಕಿಗಳ ಕಲಿಕಾ ಸಾಮಗ್ರಿ ತಂದಿದೆ.

ಗಿಡ, ಹುಳು, ಚಿಟ್ಟೆಗಳಿಗೆ 'ಸೀಕ್' ಇದೆ. ಕ್ಯಾಮೆರಾ ಹಿಡಿದರೆ ಹೆಸರು ಹೇಳುತ್ತದೆ, ಖಾತೆ ತೆರೆಯಲು ಕೇಳುವುದಿಲ್ಲ. ಯಾವ ಆ್ಯಪ್ ಆದರೂ ಮಗುವಿನ ಹೆಸರು, ಫೋನ್ ನಂಬರ್ ಅಥವಾ ಕಾರ್ಡ್ ವಿವರ ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ. ಇಮೇಲ್ ಬೇಕೆಂದರೆ ಪೋಷಕರದನ್ನೇ ಕೊಡಿ.

ನಾಗರಹೊಳೆ ಅಂಚಿನ ಹಳ್ಳಿಗಳವರಲ್ಲಿ ಒಂದು ವಿಶೇಷ ವಿನಂತಿ. ಆಟದ ಆ್ಯಪ್‌ಗಳಲ್ಲಿ ಆನೆಯನ್ನು ಮುಟ್ಟಿದರೆ ಅದು ಘೀಳಿಟ್ಟು ಕುಣಿಯುತ್ತದೆ. ಚಿಕ್ಕವರು ಅದನ್ನೇ ನಂಬಿಬಿಡುವ ಭಯ ನಮಗಿದೆ. ಆನೆ ಹೊಲಕ್ಕಿಳಿದರೆ ಫೋಟೊ, ವಿಡಿಯೊ ಎಂದು ಯಾರೂ ಹತ್ತಿರ ಹೋಗಬಾರದು. ಮಕ್ಕಳನ್ನು ಒಳಗೆ ಕರೆದುಕೊಂಡು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

ಇದನ್ನೆಲ್ಲ ಫೋನ್ ಇಲ್ಲದೆಯೂ ಕಲಿಸಬಹುದು. ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ 2018ರಲ್ಲಿ ಆರಂಭಿಸಿದ 'ವೈಲ್ಡ್ ಶಾಲೆ' ಕಾಡಂಚಿನ ಸರ್ಕಾರಿ ಶಾಲೆಗಳಲ್ಲಿ ಆಟ, ಕಥೆಗಳ ಮೂಲಕ ನಡೆಯುತ್ತದೆ. ನಿಮ್ಮ ಊರಿನ ಶಾಲೆಗೆ ಬಂದರೆ ಆ ದಿನ ಮಗುವನ್ನು ತಪ್ಪದೆ ಕಳಿಸಿ.