ಎಲ್ಲ ಅಂಡಗಳೂ ಒಮ್ಮೆಗೇ ಎಚ್ಚೆತ್ತರೆ

ಬಾಸ್ಟನ್ ನಗರದ ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಫಾಕ್ಸೋ3 ಎಂಬ ಜೀನ್ ಇಲ್ಲದ ಹೆಣ್ಣು ಇಲಿಗಳನ್ನು ಬೆಳೆಸಿದ್ದರು. ನೋಡುವುದಕ್ಕೆ ಅವು ಎಲ್ಲ ಇಲಿಗಳಂತೆಯೇ ಇದ್ದವು. ಎರಡು ವಾರದ ಮರಿಗಳ ಅಂಡಾಶಯವಂತೂ ಸಾಮಾನ್ಯ ಮರಿಗಳದ್ದಕ್ಕಿಂತ ದಪ್ಪಗಿತ್ತು. ಪ್ರಾಯಕ್ಕೆ ಬಂದು ಮರಿಯನ್ನೂ ಹಾಕಿದವು. ಆಮೇಲೆ ಕೆಲವೇ ತಿಂಗಳಲ್ಲಿ ಬಂಜೆಯಾದವು. ಸಾಮಾನ್ಯ ಇಲಿ ಸುಮಾರು ಒಂದು ವರ್ಷ ಮರಿ ಹಾಕಬಲ್ಲದು. ಇವುಗಳ ಅಂಡಾಶಯ ಸೀಳಿ ನೋಡಿದರೆ ಒಳಗೆ ಅಂಡಗಳ ದಾಸ್ತಾನೇ ಬರಿದಾಗಿತ್ತು. ಡಿಯೇಗೋ ಕ್ಯಾಸ್ಟ್ರಿಲಾನ್, ರೊನಾಲ್ಡ್ ಡಿಪಿನ್ಹೋ ಮತ್ತು ಸಂಗಡಿಗರು 2003ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ವರದಿ ಮಾಡಿದರು.

ದಪ್ಪಗಿದ್ದ ಅಂಡಾಶಯ ಇಷ್ಟು ಬೇಗ ಖಾಲಿಯಾಗಿದ್ದು ಹೇಗೆ? ಉತ್ತರ ಆ ದಪ್ಪದಲ್ಲೇ ಇತ್ತು.

ಗಂಡಿನ ದೇಹ ವೀರ್ಯಾಣುಗಳನ್ನು ದಿನವೂ ಹೊಸದಾಗಿ ತಯಾರಿಸುತ್ತದೆ. ಹೆಣ್ಣಿಗೆ ಆ ಸೌಕರ್ಯ ಇಲ್ಲ. ತಾಯಿಯ ಗರ್ಭದಲ್ಲಿ ಐದು ತಿಂಗಳಾಗುವ ಹೊತ್ತಿಗೆ ಹೆಣ್ಣು ಭ್ರೂಣದಲ್ಲಿ ಅರವತ್ತು-ಎಪ್ಪತ್ತು ಲಕ್ಷ ಅಂಡಾಣುಗಳಿರುತ್ತವೆ. ಹುಟ್ಟುವಾಗ ಉಳಿಯುವುದು ಹತ್ತರಿಂದ ಇಪ್ಪತ್ತು ಲಕ್ಷ, ಮೈನೆರೆಯುವಾಗ ಮೂರು-ನಾಲ್ಕು ಲಕ್ಷ. ಜೀವಮಾನದಲ್ಲಿ ಪಕ್ವವಾಗಿ ಹೊರಬೀಳುವುದು ನಾನೂರರ ಆಸುಪಾಸು ಮಾತ್ರ. ಮಿಕ್ಕಿದ್ದೆಲ್ಲ ಒಳಗೇ ಬಾಡಿಹೋಗುತ್ತದೆ. ಇಂಥ ದುಂದುವೆಚ್ಚವನ್ನು ನಿಸರ್ಗ ಯಾಕೆ ಇಟ್ಟುಕೊಂಡಿದೆಯೋ, ಜೀವವಿಜ್ಞಾನಿಗಳಲ್ಲಿ ಇನ್ನೂ ವಾದ ಮುಗಿದಿಲ್ಲ.

ದಾಸ್ತಾನಿನಲ್ಲಿರುವ ಪ್ರತಿ ಅಂಡಾಣುವಿನ ಸುತ್ತ ಚಪ್ಪಟೆ ಕೋಶಗಳ ಒಂದು ಪದರ ಇರುತ್ತದೆ. ಈ ಪುಟ್ಟ ಗಂಟಿಗೆ ಫಾಲಿಕಲ್ ಎನ್ನುತ್ತಾರೆ. ಬಂಜೆತನದ ಚಿಕಿತ್ಸೆಗೆ ಹೋದವರಿಗೆ ‘ಫಾಲಿಕಲ್ ಸ್ಕ್ಯಾನ್’ ಎಂಬ ಮಾತು ಹೊಸದಲ್ಲ; ಆದರೆ ಸ್ಕ್ಯಾನಿನಲ್ಲಿ ಕಾಣುವುದು ಬೆಳೆದು ನೀರು ತುಂಬಿಕೊಂಡ ಫಾಲಿಕಲ್‌ಗಳು. ನಿದ್ರಿಸುವ ಫಾಲಿಕಲ್‌ಗಳು ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವಷ್ಟು ಸಣ್ಣವು. ಕೆಲವು ಹತ್ತಾರು ವರ್ಷ ಹಾಗೇ ಮಲಗಿರುತ್ತವೆ. ದಿನವೂ ಒಂದಿಷ್ಟು ಎಚ್ಚೆತ್ತು ಬೆಳೆಯತೊಡಗುತ್ತವೆ. ಒಮ್ಮೆ ಎಚ್ಚೆತ್ತದ್ದು ಮರಳಿ ಮಲಗುವ ಹಾಗಿಲ್ಲ: ಬೆಳೆದು ಅಂಡ ಬಿಡಬೇಕು, ಇಲ್ಲವೇ ಸಾಯಬೇಕು.

ಫಾಕ್ಸೋ3 ಇಲ್ಲದ ಇಲಿಗಳಲ್ಲಿ ಆಗಿದ್ದು ಇಷ್ಟೇ. ಕಣಜದಲ್ಲಿ ಕಾಪಿಟ್ಟ ಬಿತ್ತನೆ ಬೀಜವೆಲ್ಲ ನೀರು ನುಗ್ಗಿ ಒಂದೇ ಸಲ ಮೊಳೆತ ಹಾಗೆ, ಮಲಗಿದ್ದ ಫಾಲಿಕಲ್‌ಗಳೆಲ್ಲ ಮರಿಯಾಗಿದ್ದಾಗಲೇ ಎಚ್ಚೆತ್ತಿದ್ದವು. ಅಂಡಾಶಯ ದಪ್ಪಗೆ ಕಂಡದ್ದು ಅದಕ್ಕೇ. ಅಷ್ಟೊಂದು ಅಂಡಗಳನ್ನು ಹಣ್ಣುಮಾಡುವ ಏರ್ಪಾಡು ದೇಹದಲ್ಲಿ ಇಲ್ಲವಾದ್ದರಿಂದ ಹೆಚ್ಚಿನವು ನಡುದಾರಿಯಲ್ಲೇ ಸತ್ತವು.

ಐದು ವರ್ಷಗಳ ನಂತರ ಸ್ವೀಡನ್ನಿನ ಉಮಿಯೋ ವಿಶ್ವವಿದ್ಯಾಲಯದಲ್ಲಿ ಕುಯ್ ಲಿಯು ಅವರ ತಂಡ ಮತ್ತೂ ನಾಜೂಕಾದ ಪ್ರಯೋಗ ಮಾಡಿತು. ಪಿಟೆನ್ ಎಂಬ ಜೀನನ್ನು ಇಡೀ ದೇಹದಿಂದ ತೆಗೆದರೆ ಭ್ರೂಣವೇ ಉಳಿಯದು. ಆದ್ದರಿಂದ ಅದನ್ನು ಅಂಡಾಣುವಿನಲ್ಲಿ ಮಾತ್ರ ಅಳಿಸಿದರು. ಸುತ್ತಲಿನ ಕೋಶಗಳಲ್ಲಿ ಜೀನ್ ಹಾಗೇ ಇತ್ತು. ಆದರೂ ದಾಸ್ತಾನೆಲ್ಲ ಎಚ್ಚೆತ್ತಿತು, ತರುಣ ಪ್ರಾಯದಲ್ಲೇ ಇಲಿಗಳು ಬಂಜೆಯಾದವು. ಅಂದರೆ ಮಲಗಬೇಕೋ ಏಳಬೇಕೋ ಎಂಬ ತೀರ್ಮಾನದಲ್ಲಿ ಅಂಡಾಣುವಿನ ಮಾತು ದೊಡ್ಡದು. ಅದರೊಳಗೆ ಬೆಳವಣಿಗೆಯ ಸಂದೇಶ ಏರದಂತೆ ಪಿಟೆನ್ ಅದುಮಿ ಹಿಡಿದಿರುತ್ತದೆ. ಆಗ ಫಾಕ್ಸೋ3 ಕೋಶಕೇಂದ್ರದಲ್ಲಿ ಕೂತು ಕಾವಲು ಕಾಯುತ್ತದೆ. ಸಂದೇಶ ಜೋರಾದರೆ ಫಾಕ್ಸೋ3 ಕೇಂದ್ರ ಬಿಟ್ಟು ಹೊರಬೀಳುತ್ತದೆ, ಫಾಲಿಕಲ್ ಏಳುತ್ತದೆ. ಈ ಸರಣಿಯಲ್ಲಿ ನನಗೆ ಬಹಳ ಮುಖ್ಯವೆನಿಸುವುದು ಇದು: ಫಾಲಿಕಲ್ ಏಳಲು ಹವಣಿಸುತ್ತಲೇ ಇರುತ್ತದೆ, ಅದನ್ನು ಮಲಗಿಸಿಡುವುದೇ ಅಂಡಾಶಯದ ದೊಡ್ಡ ಕೆಲಸ.

ಮನುಷ್ಯರಿಗೂ ಇದಕ್ಕೂ ನಂಟಿದೆ, ಆದರೆ ಅವಸರದ ತಲೆಬರಹಗಳು ಹೇಳುವಷ್ಟು ನೇರವಲ್ಲ. ನೂರರಲ್ಲಿ ಸುಮಾರು ಒಬ್ಬ ಮಹಿಳೆಗೆ ನಲವತ್ತು ತುಂಬುವ ಮೊದಲೇ ಅಂಡಾಶಯ ಸೋಲುತ್ತದೆ. ಅಂಥವರಲ್ಲಿ ಫಾಕ್ಸೋ3 ದೋಷ ಸಿಗುವುದು ಬಲು ಅಪರೂಪ. ಎಕ್ಸ್ ವರ್ಣತಂತುವಿನ ಎಫ್‌ಎಂಆರ್1 ಜೀನಿನಲ್ಲಾಗುವ ಒಂದು ಬದಲಾವಣೆ ಹೆಚ್ಚು ಪರಿಚಿತ ಕಾರಣ. ಅದನ್ನು ಹೊತ್ತ ಮಹಿಳೆಯರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಟರ್ನರ್ ಸಿಂಡ್ರೋಮ್, ಕ್ಯಾನ್ಸರ್ ಚಿಕಿತ್ಸೆ, ಅಂಡಾಶಯದ ಶಸ್ತ್ರಚಿಕಿತ್ಸೆ ಇತರ ಕಾರಣಗಳು. ಬಹಳಷ್ಟು ಮಂದಿಗೆ ಕಾರಣವೇ ತಿಳಿಯುವುದಿಲ್ಲ.

ಜೀನ್ ಬೇರೆಯಾದರೂ ಇಲಿ ಕಲಿಸಿದ ಪಾಠ ದಂಡವಾಗಲಿಲ್ಲ. ಸೈಕ್ಲೊಫಾಸ್ಫಮೈಡ್ ಎಂಬ ಕೀಮೋ ಔಷಧಿ ಮಲಗಿದ ಫಾಲಿಕಲ್‌ಗಳನ್ನು ಎಬ್ಬಿಸಿಯೇ ದಾಸ್ತಾನು ತೀರಿಸುತ್ತದೆ ಎಂದು ಇಸ್ರೇಲಿನ ಸಂಶೋಧಕರು 2013ರಲ್ಲಿ ಇಲಿಗಳಲ್ಲಿ ತೋರಿಸಿದರು. ಅದೇ ವರ್ಷ ಜಪಾನಿನ ಕಜುಹಿರೋ ಕವಾಮುರಾ ತಂಡ ಇದೇ ತಿಳಿವಳಿಕೆಯನ್ನು ತಿರುವುಮುರುವಾಗಿ ಬಳಸಿತು. ಅಕಾಲದಲ್ಲಿ ಮುಟ್ಟು ನಿಂತ 27 ಮಹಿಳೆಯರ ಅಂಡಾಶಯ ತೆಗೆದು, ಚೂರು ಮಾಡಿ, ಪಿಟೆನ್ ಅನ್ನು ತಡೆಯುವ ಔಷಧಿಯಲ್ಲಿ ಎರಡು ದಿನ ಇಟ್ಟು, ಮತ್ತೆ ಅವರ ದೇಹಕ್ಕೇ ನಾಟಿ ಮಾಡಿದರು. ಅಳಿದುಳಿದ ಫಾಲಿಕಲ್‌ಗಳು ಎದ್ದಾವೇ ಎಂಬ ಆಸೆ. ಐವರಲ್ಲಿ ಪಕ್ವ ಅಂಡ ಸಿಕ್ಕಿತು. ವರದಿ ಪ್ರಕಟವಾಗುವ ಹೊತ್ತಿಗೆ ಒಂದು ಮಗು ಹುಟ್ಟಿತ್ತು. ಸಾಹಸ ದೊಡ್ಡದು, ಫಲ ಸಣ್ಣದು. ಇದನ್ನು ಚಿಕಿತ್ಸೆ ಎಂದು ಮಾರುವವರು ಬಂದರೆ ಹುಷಾರಾಗಿರಬೇಕು.

ನಮ್ಮ ಊರುಗಳ ಆಸ್ಪತ್ರೆಗಳಲ್ಲಿ ಈಗ ಎಲ್ಲೆಲ್ಲೂ ಕೇಳಿಬರುವ ಎಎಂಎಚ್ ಪರೀಕ್ಷೆಗೂ ಇಲಿಗಳಿಗೂ ಸಂಬಂಧವಿದೆ. ಬೆಳೆಯುತ್ತಿರುವ ಫಾಲಿಕಲ್‌ಗಳು ಸ್ರವಿಸುವ ಈ ಹಾರ್ಮೋನು ಮಲಗಿರುವ ಫಾಲಿಕಲ್‌ಗಳು ಏಳದಂತೆ ತಡೆಯುತ್ತದೆ. ಅದು ಇಲ್ಲದಂತೆ ಮಾಡಿದ ಇಲಿಗಳಲ್ಲಿ 13 ತಿಂಗಳಿಗೆಲ್ಲ ದಾಸ್ತಾನು ಹೆಚ್ಚುಕಡಿಮೆ ಮುಗಿದಿತ್ತು ಎಂದು ನೆದರ್ಲೆಂಡ್ಸಿನ ತಂಡವೊಂದು 1999ರಲ್ಲಿ ಕಂಡುಕೊಂಡಿತು. ರಕ್ತದಲ್ಲಿ ಎಎಂಎಚ್ ಎಷ್ಟಿದೆ ಎಂದು ನೋಡಿ ದಾಸ್ತಾನು ಅಂದಾಜಿಸಬಹುದು. ಆದರೆ ಬಂಜೆತನದ ತೊಂದರೆಯಿಲ್ಲದ, 30 ದಾಟಿದ ಮಹಿಳೆಯರನ್ನು ಅಮೆರಿಕದಲ್ಲಿ ಗಮನಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಎಂಎಚ್ ಕಡಿಮೆ ಇದ್ದವರೂ ಉಳಿದವರಷ್ಟೇ ಸಹಜವಾಗಿ ಗರ್ಭಿಣಿಯರಾದರು. ಒಂದು ಸಂಖ್ಯೆ ನೋಡಿ ಕಂಗಾಲಾಗಬೇಡಿ. ನಲವತ್ತಕ್ಕೆ ಮೊದಲೇ ಮೂರ್ನಾಲ್ಕು ತಿಂಗಳು ಮುಟ್ಟು ತಪ್ಪಿದರೆ ಮಾತ್ರ ‘ಟೆನ್ಷನ್ ಇರಬೇಕು’ ಎಂದು ಸುಮ್ಮನಿರದೆ ಸ್ತ್ರೀರೋಗ ತಜ್ಞರನ್ನು ಕಾಣಿ. ಮಗು ಬೇಡವೆನ್ನುವವರಿಗೂ ಈ ಮಾತು ಅನ್ವಯಿಸುತ್ತದೆ: ಅಂಡಾಶಯ ಬೇಗ ಸೋತರೆ ಈಸ್ಟ್ರೋಜನ್ ಇಳಿದು ಮೂಳೆ ಸವೆಯುತ್ತದೆ, ಹೃದ್ರೋಗದ ಸಾಧ್ಯತೆ ಏರುತ್ತದೆ, ಹಾರ್ಮೋನು ಚಿಕಿತ್ಸೆ ಅದಕ್ಕೆ ಲಭ್ಯವಿದೆ.